ಮೂರು ಸೀಸನ್ ಭತ್ತದ ಡೇಟಾ ಒಂದೇ ಶೀಟಿಗೆ ಸೇರಿಸಿ ಶೇರ್ ಮಾಡ್ಬೇಕಂತೆ, ಎಲ್ಲಿಂದ ಶುರು ಮಾಡ್ಲಿ?

ಮೊಳಕೆ_22:

ಎಲ್ರಿಗೂ ನಮಸ್ಕಾರ. ಇಲ್ಲಿ ಬ್ರೀಡಿಂಗ್ ಕಡೆಯವ್ರು, ಜೆನೆಟಿಕ್ಸ್ ಕಡೆಯವ್ರು ಯಾರಾದ್ರೂ ಇದ್ರೆ ಸ್ವಲ್ಪ ದಾರಿ ತೋರ್ಸಿ. ನಂದು ಭತ್ತದ ಮೇಲೆ ಪಿಎಚ್‌ಡಿ, 120 ಲೈನು (ಬೇರೆ ಬೇರೆ ತಳಿ ಅಂದ್ಕೊಳ್ಳಿ), ಮೂರು ಸೀಸನ್ನು, ಎರಡೆರಡು ರೆಪ್ಲಿಕೇಶನ್ (ಪ್ರತಿ ಲೈನನ್ನೂ ಎರಡೆರಡು ಸಲ ಬೆಳೆಸೋದು). ಮೊದಲ್ನೇ ಸೀಸನ್ ನಾನು ಸೇರೋಕ್ಕಿಂತ ಮುಂಚೆ ಇದ್ದ ಸೀನಿಯರ್ ಮಾಡಿದ್ದು, ಎರಡನೇದು ನಾನೂ ಒಬ್ಬ ಫೀಲ್ಡ್ ಅಸಿಸ್ಟೆಂಟೂ ಸೇರಿ, ಮೂರನೇದು ಪೂರ್ತಿ ನಂದೇ. ಈಗ ಪೇಪರ್ ಕಳ್ಸೋ ಹೊತ್ತಿಗೆ ಜರ್ನಲ್‌ನವ್ರು ಕಚ್ಚಾ ಡೇಟಾನ ಯಾವ್ದಾದ್ರೂ ರೆಪಾಸಿಟರಿಗೆ (ಡೇಟಾ ಕಾಪಾಡಿಡೋ ವೆಬ್‌ಸೈಟು) ಹಾಕಿ ಡಿಒಐ (ಬದಲಾಗದ ಗುರುತಿನ ನಂಬರ್) ಕೊಡಿ, ಫೇರ್ ತತ್ವದ ಪ್ರಕಾರ ಇರ್ಲಿ, ಮಿಯಾಪೆ ಪಾಲಿಸಿದ್ರೆ ಇನ್ನೂ ಒಳ್ಳೇದು ಅಂತ ಬರ್ದಿದಾರೆ. ಗೈಡ್ ಹತ್ರ ಕೇಳಿದ್ರೆ ಎಕ್ಸೆಲ್ ಫೈಲ್ ಇದ್ಯಲ್ಲ ಅದನ್ನೇ ಹಾಕು ಅಂದ್ರು.

ಆದ್ರೆ ಆ ಎಕ್ಸೆಲ್ ಫೈಲ್ ನೋಡಿದ್ರೆ ನಂಗೇ ನಾಚಿಕೆ ಆಗುತ್ತೆ, ಮೂರು ಫೈಲಲ್ಲಿ ಮೂರು ಥರ ಕಾಲಂ ಹೆಸ್ರು, ಒಂದ್ರಲ್ಲಿ "ಎತ್ತರ" ಒಂದ್ರಲ್ಲಿ "ಪಿಎಚ್" (ಪ್ಲಾಂಟ್ ಹೈಟ್ ಅಂತ; ಮಣ್ಣಿನ ಪಿಎಚ್ಚೂ ಅದೇ ಶೀಟಲ್ಲಿದೆ, ಕೇಳ್ಬೇಡಿ), ಕೆಲವು ಸೆಲ್ ಖಾಲಿ, ಕೆಲವು ಕಡೆ 0, ಕೆಲವು ಕಡೆ -9, ಹಳದಿ ಬಣ್ಣ ಬಳ್ದಿರೋ ಸಾಲು ಏನು ಅಂತ ಬಳ್ದವರಿಗೇ ಗೊತ್ತು. ಪ್ಲಾಟ್ ನಂಬರ್ 3-4 ಅಂತ ಇರ್ಬೇಕಾದ್ದು ದಿನಾಂಕ ಆಗಿ ಕೂತಿದೆ. ಎಲ್ಲಾ ಸೇರಿಸಿ ಒಂದು ಮಾಡೋಕೆ ಎರಡು ವಾರದಿಂದ ಒದ್ದಾಡ್ತಿದೀನಿ. ನನ್ನ ಪ್ರಶ್ನೆ ಏನಂದ್ರೆ, ಈ ಸ್ಟ್ಯಾಂಡರ್ಡ್‌ಗಳೆಲ್ಲ ನಿಜವಾಗ್ಲೂ ಬೇಕಾ, ಬೇಕು ಅಂದ್ರೆ ಕನಿಷ್ಠ ಎಷ್ಟು ಮಾಡಿದ್ರೆ ಸಾಕು, ಆಮೇಲೆ ಡೇಟಾ ಹಾಕಿದ್ಮೇಲೆ ಯಾರಾದ್ರೂ ಅದನ್ನ ಎತ್ಕೊಂಡು ನನಗಿಂತ ಮುಂಚೆ ಮುಂದಿನ ಪೇಪರ್ ಬರ್ದುಬಿಟ್ರೆ ಏನ್ ಗತಿ?

---

ತೆನೆಕಾಳು:

ಮೊದಲು ಒಂದು ಮಾತು, ನಾಚಿಕೆ ಪಡ್ಬೇಡಿ. ನಾನು ಬ್ರೀಡಿಂಗ್ ಡೇಟಾ ನೋಡ್ಕೊಳ್ಳೋ ಕೆಲಸದಲ್ಲಿ ಬಹಳ ವರ್ಷದಿಂದ ಇದೀನಿ, ಪಿಎಚ್ ಅನ್ನೋ ಕಾಲಮ್ಮಲ್ಲಿ ಗಿಡದ ಎತ್ತರ 6.8 ಅಂತ ಬಂದು ಅರ್ಧ ದಿನ ತಲೆ ಕೆಡಿಸ್ಕೊಂಡವರನ್ನ ನೋಡಿದೀನಿ.

ಫೇರ್ ಅಂದ್ರೆ 2016ರಲ್ಲಿ ಬಂದ ಒಂದು ಪೇಪರಿಂದ ಹುಟ್ಟಿದ ಹೆಸ್ರು. ಡೇಟಾ ಹುಡುಕಿದ್ರೆ ಸಿಗ್ಬೇಕು, ಸಿಕ್ಕಿದ್ದನ್ನ ತೆಗೆಯೋಕೆ ಆಗ್ಬೇಕು, ಬೇರೆ ಡೇಟಾ ಜೊತೆ ಹೊಂದ್ಬೇಕು, ಇನ್ನೊಬ್ರು ಮತ್ತೆ ಬಳಸೋ ಹಾಗಿರ್ಬೇಕು, ಅಷ್ಟೇ. ಮೊದಲೆರಡು ರೆಪಾಸಿಟರಿನೇ ಮಾಡ್ಕೊಡುತ್ತೆ, ನೀವು ಜೆನೋಡೋಗೋ ಡ್ರೈಯಾಡ್‌ಗೋ ಹಾಕಿದ್ರೆ ಡಿಒಐ ಬರುತ್ತೆ ಕೆಲಸ ಮುಗೀತು. ಕಷ್ಟ ಇರೋದು ಕೊನೆಯ ಎರಡರಲ್ಲಿ, ಅದನ್ನ ಯಾವ ವೆಬ್‌ಸೈಟೂ ಮಾಡ್ಕೊಡಲ್ಲ, ಗದ್ದೆಯಲ್ಲಿ ಇದ್ದವರೇ ಬರೀಬೇಕು.

ಮಿಯಾಪೆ ಹೆಸ್ರು ಕೇಳಿ ಹೆದರ್ಬೇಡಿ. ಗಿಡದ ಗುಣ ಅಳೆಯೋ ಪ್ರಯೋಗ ಮಾಡಿದೋರು ಕನಿಷ್ಠ ಏನೇನು ಹೇಳ್ಬೇಕು ಅನ್ನೋ ಪಟ್ಟಿ ಅದು, 1.1 ಆವೃತ್ತಿ ಬಗ್ಗೆ 2020ರಲ್ಲಿ ಪೇಪರ್ ಬಂತು. ಎಲ್ಲಿ ಮಾಡಿದ್ರಿ, ಯಾವಾಗ ಬಿತ್ತಿದ್ರಿ, ಬೀಜ ಯಾವ್ದು ಎಲ್ಲಿಂದ ಬಂತು, ಪ್ಲಾಟ್ ಹೇಗೆ ಹಂಚಿದ್ರಿ, ಗೊಬ್ಬರ ನೀರು ಏನು, ಅಳೆದಿದ್ದು ಗಿಡವನ್ನಾ ಪ್ಲಾಟನ್ನಾ, ಏನು ಅಳೆದ್ರಿ. ಇವನ್ನೇ ನೀವು ಪೇಪರಿನ ವಿಧಾನ ಭಾಗದಲ್ಲಿ ಹೇಗೂ ಬರೀತೀರಿ, ಇಲ್ಲಿ ಅದನ್ನ ಕಾಲಂ ಕಾಲಂ ಆಗಿ ಬರೆಯೋದು.

ನಿಜವಾದ ಜೀವಾಳ ಕೊನೇದು, "ಏನು ಅಳೆದ್ರಿ" ಅನ್ನೋದು. ಕ್ರಾಪ್ ಆಂಟಾಲಜಿ ಅಂತ ಒಂದಿದೆ, ಬೆಳೆಗಳ ಗುಣಗಳಿಗೆ ಎಲ್ರೂ ಒಂದೇ ಹೆಸ್ರು ಐಡಿ ಬಳಸ್ಲಿ ಅಂತ ಮಾಡಿದ ಪಟ್ಟಿ, ಅದ್ರಲ್ಲಿ ಒಂದು ವೇರಿಯೇಬಲ್ ಅಂದ್ರೆ ಮೂರು ಸೇರಿದ್ದು: ಗುಣ, ಅಳೆದ ರೀತಿ, ಅಳತೆಯ ಮಾನ. "ಗಿಡದ ಎತ್ತರ" ಅನ್ನೋದು ಬರೀ ಗುಣ. ನೆಲದಿಂದ ಅತಿ ಎತ್ತರದ ತೆನೆಯ ತುದಿವರೆಗಾ, ಮುಳ್ಳು ಸೇರಿಸಿನಾ ಬಿಟ್ಟಾ, ಒಂದು ಪ್ಲಾಟಲ್ಲಿ ಎಷ್ಟು ಗಿಡದ ಸರಾಸರಿ, ಇದೆಲ್ಲ ರೀತಿ. ಸೆಂಟಿಮೀಟರ್ ಅನ್ನೋದು ಮಾನ. ಮೂರೂ ಒಂದೇ ಇದ್ರೆ ಮಾತ್ರ ಎರಡು ಅಂಕಿ ಒಂದೇ ಕಾಲಮ್ಮಿಗೆ ಬರ್ಬೋದು. ನಿಮ್ಮ ಮೂರು ಫೈಲ್ ಸೇರಿಸೋಕ್ಕಿಂತ ಮುಂಚೆ ಪ್ರತಿ ಕಾಲಮ್ಮಿಗೂ ಈ ಮೂರನ್ನ ಬರ್ದು ನೋಡಿ, ಎಲ್ಲಿ ಬರೆಯೋಕಾಗಲ್ವೋ ಅಲ್ಲೇ ಎಡವಟ್ಟು ಇದೆ ಅಂತ ತಿಳ್ಕೊಳ್ಳಿ.

ಹೂಬಿಟ್ಟ ದಿನಗಳು ಅಂತ ಒಂದು ಕಾಲಂ ಇದ್ದೇ ಇರುತ್ತೆ ನಿಮ್ಮ ಹತ್ರ. ಬಿತ್ತಿದ ದಿನದಿಂದ ಎಣಿಸಿದ್ದಾ ನಾಟಿ ಮಾಡಿದ ದಿನದಿಂದನಾ? ಮೊದಲ ತೆನೆ ಕಂಡಾಗಲಾ, ಪ್ಲಾಟಿನ ಅರ್ಧ ಗಿಡ ತೆನೆ ಹೊರಗೆ ಹಾಕಿದಾಗಲಾ? ಸಾಧ್ಯ ಆದ್ರೆ ದಿನಗಳ ಎಣಿಕೆ ಜೊತೆ ಆ ತಾರೀಖುಗಳನ್ನೇ ಇಡಿ, ಬಿತ್ತನೆ ತಾರೀಖು ನಾಟಿ ತಾರೀಖು ಹೂವಿನ ತಾರೀಖು. ತಾರೀಖು ಇದ್ರೆ ಎಣಿಕೆ ಯಾರು ಬೇಕಾದ್ರೂ ಮಾಡ್ಕೋತಾರೆ, ಬರೀ ಎಣಿಕೆ ಇದ್ರೆ ತಾರೀಖು ವಾಪಸ್ ಬರಲ್ಲ.

ಇಳುವರಿಗೂ ಇದೇ ಕಥೆ. ಭತ್ತದಲ್ಲಿ ಸಾಮಾನ್ಯವಾಗಿ 14% ತೇವಾಂಶಕ್ಕೆ ಇಳಿಸಿ ಹೇಳ್ತಾರೆ. ತೂಗಿದಾಗ ಕಾಳಲ್ಲಿ 20% ತೇವ ಇದ್ದು 5 ಕೆಜಿ ಬಂದಿದ್ರೆ, 5 ಗುಣಿಸು 80 ಭಾಗಿಸು 86, ಅಂದ್ರೆ ಸುಮಾರು 4.65 ಕೆಜಿ. ಒಬ್ರು ಸರಿಪಡಿಸಿ ಬರೆದು ಇನ್ನೊಬ್ರು ಹಸಿ ತೂಕನೇ ಬರೆದ್ರೆ ಅಲ್ಲೇ 7% ವ್ಯತ್ಯಾಸ, ತಳಿ ಒಳ್ಳೇದು ಅಂತ ನೀವು ಕುಣಿಯೋದು ಬರೀ ನೀರಿಗೆ. ಹಸಿ ತೂಕ, ತೇವಾಂಶ ಎರಡೂ ಕಾಲಂ ಇರ್ಲಿ.

---

ಸುಮ್ನೆ_ಓದೋನು:

ನಾನು ಸ್ವಲ್ಪ ಅಡ್ಡ ಮಾತಾಡ್ತೀನಿ ಬೇಜಾರಾಗ್ಬೇಡಿ. ಈ ಸ್ಟ್ಯಾಂಡರ್ಡ್ ಅನ್ನೋದು ದೊಡ್ಡ ದೊಡ್ಡ ಕನ್ಸಾರ್ಟಿಯಂಗಳ ಆಟ, ಅಲ್ಲಿ ಅದಕ್ಕೇ ಅಂತ ಸಂಬಳ ಕೊಟ್ಟು ಜನ ಇಟ್ಟಿರ್ತಾರೆ. ಇಲ್ಲಿ ಒಬ್ಬಳೇ ಹುಡುಗಿ ಬಿತ್ತಬೇಕು, ಅಳೀಬೇಕು, ಡಿಎನ್ಎ ತೆಗೀಬೇಕು, ಥೀಸಿಸ್ ಬರೀಬೇಕು, ಅದ್ರ ಮೇಲೆ ಎಂಬತ್ತು ಕಾಲಮ್ಮಿನ ಟೆಂಪ್ಲೇಟ್ ತುಂಬ್ಸು ಅಂದ್ರೆ ಹೇಗೆ. ಮಿಯಾಪೆ ಒಂದು, ಪ್ರಯೋಗದ ವಿವರ ಬರೆಯೋಕೆ ಈಸಾ-ಟ್ಯಾಬ್ ಒಂದು, ಬೀಜ ಕಾಪಾಡಿಡೋ ಜೀನ್‌ಬ್ಯಾಂಕ್‌ನವ್ರದ್ದು ಎಂಸಿಪಿಡಿ ಅಂತ ಇನ್ನೊಂದು, ಗಿಡದ ಭಾಗಗಳಿಗೆ ಪ್ಲಾಂಟ್ ಆಂಟಾಲಜಿ, ಗುಣಗಳಿಗೆ ಟ್ರೇಟ್ ಆಂಟಾಲಜಿ, ಅದೂ ಸಾಲ್ದು ಅಂತ ಬೆಳೆಗೊಂದು ಕ್ರಾಪ್ ಆಂಟಾಲಜಿ. ಸ್ಟ್ಯಾಂಡರ್ಡ್ ಜಾಸ್ತಿ ಆಯ್ತು ಅಂತ ಎಲ್ಲ ಸೇರಿ ಹೊಸದೊಂದು ಸ್ಟ್ಯಾಂಡರ್ಡ್ ಮಾಡ್ತಾರೆ, ಆಗ ಹಳೇ ಲೆಕ್ಕಕ್ಕೆ ಇನ್ನೊಂದು ಸೇರುತ್ತೆ.

ಇಷ್ಟೆಲ್ಲಾ ಮಾಡಿ ಹಾಕಿದ ಡೇಟಾನ ಯಾರು ನೋಡ್ತಾರೆ? ನಾನು ಹಾಕಿದ ಒಂದು ಡೇಟಾಸೆಟ್ ನಾಲ್ಕು ವರ್ಷದಲ್ಲಿ ಡೌನ್‌ಲೋಡ್ ಆಗಿದ್ದು ಕೈಬೆರಳಲ್ಲಿ ಎಣಿಸೋಷ್ಟು, ಅದ್ರಲ್ಲಿ ಎರಡು ನಾನೇ. ಪ್ರಮೋಶನ್ ಹೊತ್ತಿಗೆ ಪೇಪರ್ ಎಷ್ಟು ಅಂತ ಕೇಳ್ತಾರೆ, ಡೇಟಾಸೆಟ್ ಎಷ್ಟು ಅಂತ ಯಾವನೂ ಕೇಳಲ್ಲ. ಎಕ್ಸೆಲ್ ಜೊತೆ ಒಂದು ಪುಟದ ರೀಡ್‌ಮಿ ಬರ್ದು ಹಾಕಿ ಮುಂದೆ ಹೋಗಿ.

---

ಸಿಎಸ್‌ವಿ_ಭಕ್ತ:

ಗುರು ನೀವು ಹೇಳಿದ್ರಲ್ಲಿ ಅರ್ಧ ಒಪ್ತೀನಿ, ಒಂದು ಪುಟ ಚೆನ್ನಾಗಿ ಬರೆದ ರೀಡ್‌ಮಿ ಅರೆಬರೆ ತುಂಬಿದ ಎಂಬತ್ತು ಕಾಲಮ್ಮಿಗಿಂತ ಮೇಲು. ಆದ್ರೆ "ಎಕ್ಸೆಲ್ ಹಾಕಿ" ಅಂದಿದ್ದು ಒಪ್ಪಲ್ಲ.

ಮೊಳಕೆ ಅವ್ರೇ, ನಿಮ್ಮ 3-4 ದಿನಾಂಕ ಆಗಿದ್ದು ನೋಡಿ, ಅದು ಕಂಪ್ಯೂಟರಿನ ಭಾಷೆ ಸೆಟ್ಟಿಂಗ್ ಮೇಲೆ ಒಂದು ಕಡೆ ಏಪ್ರಿಲ್ 3 ಆಗುತ್ತೆ ಇನ್ನೊಂದು ಕಡೆ ಮಾರ್ಚ್ 4 ಆಗುತ್ತೆ, ಅಂದ್ರೆ ಫೈಲ್ ಕೈ ಬದಲಾದ್ರೆ ಪ್ಲಾಟೇ ಬದಲಾಗೋ ಸಾಧ್ಯತೆ ಇದೆ. 2ಇ5 ಅಂತ ಕೋಡ್ ಕೊಟ್ರೆ ಎರಡು ಲಕ್ಷ ಅಂತ ಓದ್ಕೊಳ್ಳುತ್ತೆ. 007 ಅನ್ನೋ ಲೈನು 7 ಆಗಿಬಿಡುತ್ತೆ. ಮನುಷ್ಯರ ಜೀನ್ ಹೆಸರುಗಳಲ್ಲಿ ಮಾರ್ಚ್1, ಸೆಪ್ಟ್2 ಅಂತ ಇದ್ದಿದ್ದು ಎಕ್ಸೆಲ್ ಕಾಟಕ್ಕೇ ದಿನಾಂಕ ಆಗ್ತಿತ್ತು ಅಂತ 2020ರಲ್ಲಿ ನಾಮಕರಣ ಸಮಿತಿಯವ್ರು ಜೀನ್‌ಗಳ ಹೆಸ್ರನ್ನೇ ಬದಲಾಯ್ಸಿದ್ರು. ಸಾಫ್ಟ್‌ವೇರ್ ಬದಲಾಗ್ಲಿಲ್ಲ, ಹೆಸ್ರು ಬದಲಾಯ್ತು! ಆಮೇಲೆ 2023ರಲ್ಲಿ ಎಕ್ಸೆಲ್‌ನಲ್ಲಿ ಆ ಪರಿವರ್ತನೆ ಆಫ್ ಮಾಡೋ ಆಯ್ಕೆ ಬಂತು. ನೀವು ಪ್ಲಾಟಿಗೆ ಪಿ0304 ಅಂತ ಅಕ್ಷರದಿಂದ ಶುರುವಾಗೋ ಕೋಡ್ ಇಡಿ, ಮಧ್ಯ ಗೆರೆ ಬೇಡ, ಎಲ್ಲಕ್ಕೂ ಒಂದೇ ಉದ್ದ.

ಆ -9 ಬಗ್ಗೆ ಹುಷಾರು. ಪ್ಲಿಂಕ್ ಅನ್ನೋ ಜೆನೆಟಿಕ್ಸ್ ಸಾಫ್ಟ್‌ವೇರಲ್ಲಿ ಫಿನೋಟೈಪ್ (ಅಳೆದ ಗುಣ) ಇಲ್ಲ ಅನ್ನೋಕೆ -9 ಹಾಕ್ತಾರೆ, ನಿಮ್ಮ ಸೀನಿಯರ್ ಬಹುಶಃ ಅಲ್ಲಿಂದ ವಾಪಸ್ ಎಳ್ಕೊಂಡಿದಾರೆ. ಅದನ್ನ ಗಮನಿಸದೆ ಸರಾಸರಿ ತೆಗೆದ್ರೆ ತೆಂಡೆ ಸಂಖ್ಯೆ ನೆಲದೊಳಗೆ ಹೋಗುತ್ತೆ. 0 ಇರೋ ಕಡೆ ಇನ್ನೂ ಕಷ್ಟ, ಅದು ನಿಜವಾದ ಸೊನ್ನೆನಾ (ರೋಗ ಬಂದೇ ಇಲ್ಲ) ಅಥ್ವಾ ನೋಡೇ ಇಲ್ವಾ ಅಂತ ನೋಟ್‌ಬುಕ್ ತೆಗೆದು ಒಂದೊಂದೇ ನೋಡ್ಬೇಕು, ಬೇರೆ ದಾರಿ ಇಲ್ಲ. ಹಳದಿ ಬಣ್ಣಕ್ಕೆ ಅರ್ಥ ಇದ್ರೆ ಅದಕ್ಕೊಂದು ಷರಾ ಕಾಲಂ ಮಾಡಿ, ಬಣ್ಣ ಸಿಎಸ್‌ವಿಗೆ (ಕಾಮಾ ಹಾಕಿ ಕಾಲಂ ಬೇರ್ಪಡಿಸೋ ಸರಳ ಅಕ್ಷರದ ಫೈಲು) ದಾಟಲ್ಲ.

ಒಂದು ಸಾಲಿಗೆ ಒಂದು ಪ್ಲಾಟು ಒಂದು ಸೀಸನ್ನು, ವಿಲೀನ ಮಾಡಿದ ಸೆಲ್ ಇರ್ಬಾರ್ದು, ಮೇಲೆ ಎರಡು ಸಾಲಿನ ತಲೆಬರಹ ಇರ್ಬಾರ್ದು, ಯುಟಿಎಫ್-8 ಸಿಎಸ್‌ವಿ. ಪಕ್ಕದಲ್ಲಿ ಇನ್ನೊಂದು ಚಿಕ್ಕ ಫೈಲು, ಪ್ರತಿ ಕಾಲಮ್ಮಿನ ಹೆಸ್ರು ಅರ್ಥ ರೀತಿ ಮಾನ. ಮೂಲ ಮೂರು ಎಕ್ಸೆಲ್‌ಗಳನ್ನ ಮುಟ್ಲೇಬೇಡಿ, ಆರ್ ಅಥ್ವಾ ಪೈಥಾನ್ ಸ್ಕ್ರಿಪ್ಟಲ್ಲಿ ಸರಿ ಮಾಡಿ, ಸ್ಕ್ರಿಪ್ಟನ್ನೂ ಜೊತೇಲೇ ಹಾಕಿ. ಕೈಯಲ್ಲಿ ತಿದ್ದಿದ್ರೆ ಆರು ತಿಂಗಳಾದ್ಮೇಲೆ ಏನು ತಿದ್ದಿದ್ರಿ ಅಂತ ನಿಮಗೇ ನೆನಪಿರಲ್ಲ.

---

ತೆನೆಕಾಳು:

@ಸುಮ್ನೆ_ಓದೋನು ಕ್ರೆಡಿಟ್ ವಿಷ್ಯದಲ್ಲಿ ನಿಮ್ಮ ಸಿಟ್ಟು ನ್ಯಾಯವೇ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದ್ರೆ ಯಾರೂ ನೋಡಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಕುಂಡದ ಗಾತ್ರದ ಬಗ್ಗೆ 2012ರಲ್ಲಿ ಬಂದ ಒಂದು ವಿಶ್ಲೇಷಣೆ ಇದೆ, ಬೇರೆ ಬೇರೆಯವ್ರ ಹಳೇ ಪ್ರಯೋಗಗಳ ಫಲಿತಾಂಶ ಒಟ್ಟುಗೂಡಿಸಿ ನೋಡಿದ್ರೆ ಕುಂಡ ಎರಡರಷ್ಟು ದೊಡ್ಡದಾದ್ರೆ ಗಿಡದ ಜೀವರಾಶಿ ಸರಾಸರಿ 43% ಹೆಚ್ಚಾಗುತ್ತೆ ಅಂತ ಬಂತು. ಅಂಥ ಲೆಕ್ಕ ಮಾಡೋಕಾಗೋದು ಕುಂಡ ಎಷ್ಟು ಲೀಟರ್ ಅಂತ ಯಾರೋ ಬರ್ದಿದ್ರೆ ಮಾತ್ರ, "ಮಧ್ಯಮ ಗಾತ್ರದ ಕುಂಡ" ಅಂತ ಬರ್ದಿದ್ರೆ ಕಸದ ಬುಟ್ಟಿ. ಇನ್ನೂ ಹಳೇದು ಬೇಕಂದ್ರೆ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಬ್ರಾಡ್‌ಬಾಕ್ ಅನ್ನೋ ಹೊಲ, 1843ರಿಂದ ಗೋಧಿ ಪ್ರಯೋಗ ನಡೀತಾ ಬಂದಿದೆ, ಯಾವ ಪಟ್ಟಿಗೆ ಯಾವ ಗೊಬ್ಬರ ಅಂತ ದಾಖಲೆ ಇದೆ, ಕಾಳು ಹುಲ್ಲಿನ ಮಾದರಿಗಳನ್ನೂ ತೆಗೆದಿಟ್ಟಿದಾರೆ. ಶುರು ಮಾಡಿದೋರಿಗೆ ಮುಂದೆ ಯಾರು ಯಾಕೆ ಅದನ್ನ ಕೇಳ್ತಾರೆ ಅಂತ ಗೊತ್ತಿತ್ತಾ?

ರೋಗದ ಅಂಕಗಳನ್ನೂ ನೋಡಿ ಮೊಳಕೆ ಅವ್ರೇ, ಮೇಲೆ ಹೇಳೋದು ಮರ್ತೆ. ಭತ್ತದ ಬೆಂಕಿರೋಗಕ್ಕೆ ಇರ್ರಿಯವ್ರ (ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ) ಪದ್ಧತಿಯಲ್ಲಿ 0 ರಿಂದ 9, 9 ಅಂದ್ರೆ ಸತ್ತಂತೆ. ಬ್ರಿಟನ್ನಿನ ಗೋಧಿ ತಳಿಗಳ ಶಿಫಾರಸು ಪಟ್ಟಿಯಲ್ಲಿ 9 ಅಂದ್ರೆ ರೋಗ ತಡೆಯೋದು, ಜರ್ಮನಿಯ ತಳಿ ಪಟ್ಟಿಯಲ್ಲಿ ಅದೇ 9 ಅಂದ್ರೆ ರೋಗಕ್ಕೆ ತೀರಾ ಬೇಗ ತುತ್ತಾಗೋದು. ಎರಡೂ ಕಡೆ 1 ರಿಂದ 9, ಎರಡೂ ಗೋಧಿ, ಅರ್ಥ ಮಾತ್ರ ತಲೆಕೆಳಗೆ. ಎರಡನ್ನೂ ಸುಮ್ನೆ ಒಂದರ ಕೆಳಗೊಂದು ಅಂಟಿಸಿದ್ರೆ ಯಾವ ಎರರ್ ಮೆಸೇಜೂ ಬರಲ್ಲ, ಅದೇ ಭಯ.

---

ಮೊಳಕೆ_22:

ಅಯ್ಯೋ ಇಷ್ಟೊಂದು ಉತ್ತರ, ತುಂಬಾ ಥ್ಯಾಂಕ್ಸ್ ತೆನೆಕಾಳು ಸರ್, ಸಿಎಸ್‌ವಿ ಸರ್. ಹೂವಿನ ದಿನ ನೋಡ್ದೆ, ಮೊದಲ್ನೇ ಸೀಸನ್ ಬಿತ್ತಿದ ದಿನದಿಂದ, ಆಮೇಲಿನ ಎರಡು ನಾಟಿಯಿಂದ. ಪುಣ್ಯಕ್ಕೆ ಬಿತ್ತನೆ ತಾರೀಖು ನಾಟಿ ತಾರೀಖು ಎರಡೂ ನೋಟ್‌ಬುಕ್ಕಲ್ಲಿತ್ತು, ಸರಿ ಮಾಡ್ದೆ. -9 ಎಲ್ಲಾ ತೆಗ್ದೆ. ಎತ್ತರದ ಕಾಲಂ ಮಾತ್ರ ವಿಚಿತ್ರ, ಮೊದಲ್ನೇ ಸೀಸನ್ ಬೇರೆರಡಕ್ಕಿಂತ ಹೆಚ್ಚುಕಮ್ಮಿ ಎಲ್ಲಾ ಲೈನಲ್ಲೂ ಇಪ್ಪತ್ತು ಚಿಲ್ಲರೆ ಸೆಂಟಿಮೀಟರ್ ಕಮ್ಮಿ. ಆ ವರ್ಷ ನೀರು ಕಮ್ಮಿ ಆಗಿತ್ತೇನೋ ಅಂತ ಪೇಪರ್‌ನಲ್ಲಿ ಸೀಸನ್ನಿನ ಪರಿಣಾಮ ಅಂತ ಎರಡು ಪ್ಯಾರಾ ಬರ್ದೂ ಆಗಿದೆ.

ಬೀಜದ ವಿಷ್ಯ, ಲೈನ್ ಹೆಸ್ರುಗಳಿಗೆ ಏನು ಮಾಡ್ಲಿ? ಕೆಲವು ಜೀನ್‌ಬ್ಯಾಂಕಿಂದ ತರಿಸಿದ್ದು, ಕೆಲವು ನಮ್ಮ ಲ್ಯಾಬಲ್ಲೇ ಇದ್ದಿದ್ದು.

---

ತೆನೆಕಾಳು:

ಸರ್ ಅಲ್ಲ, ಅಕ್ಕ ಅನ್ನಿ. 😄

ಎಲ್ಲಾ ಲೈನಲ್ಲೂ ಒಂದೇ ಸಮ ಇಪ್ಪತ್ತು ಚಿಲ್ಲರೆ ಕಮ್ಮಿ ಅಂದ್ರೆ ನಂಗೆ ನೀರಿನ ಮೇಲೆ ಅನುಮಾನ ಇಲ್ಲ, ಅಳತೆಪಟ್ಟಿ ಮೇಲೆ ಅನುಮಾನ. ನೀರು ಕಮ್ಮಿ ಆದ್ರೆ ಕೆಲವು ಲೈನು ಜಾಸ್ತಿ ಕುಗ್ಗುತ್ತೆ ಕೆಲವು ಅಷ್ಟಾಗಿ ಕುಗ್ಗಲ್ಲ. ಒಂದು ತೆನೆಯ ಉದ್ದ ಎಷ್ಟಿರುತ್ತೆ ನಿಮ್ಮ ಲೈನ್‌ಗಳಲ್ಲಿ? ಆ ಸೀನಿಯರ್‌ಗೆ ಒಂದು ಫೋನ್ ಮಾಡಿ, ಆ ಎರಡು ಪ್ಯಾರಾ ಸದ್ಯಕ್ಕೆ ಪಕ್ಕಕ್ಕಿಡಿ.

---

ಜೀನ್‌ಬ್ಯಾಂಕ್_ಗಿರಾಕಿ:

ಬೀಜದ ವಿಷ್ಯ ನಾನು ಹೇಳ್ತೀನಿ, ಇದ್ರಲ್ಲಿ ನಾನು ಪೆಟ್ಟು ತಿಂದವನು. ಐಆರ್64, ಐಆರ್ 64, ಐಆರ್-64 ಅಂತ ಮೂರು ಥರ ಬರ್ದಿದ್ರೆ ಕಂಪ್ಯೂಟರಿಗೆ ಅದು ಮೂರು ತಳಿ. ಅದು ಸುಲಭದ ತೊಂದ್ರೆ. ಕಷ್ಟದ್ದು ಏನಂದ್ರೆ ಒಂದೇ ಹೆಸ್ರಲ್ಲಿ ಎರಡು ಲ್ಯಾಬಲ್ಲಿ ಇರೋ ಬೀಜ ಒಂದೇ ಅಲ್ದೇ ಇರೋದು. ಅರಾಬಿಡಾಪ್ಸಿಸ್‌ನಂಥ ಜಗತ್ತೆಲ್ಲಾ ಲ್ಯಾಬಲ್ಲಿ ಸಂಶೋಧನೆಗೆ ಬಳಸೋ ಗಿಡದಲ್ಲೇ, ಡಿಎನ್ಎ ಗುರುತು ಹಾಕಿ ನೋಡಿದಾಗ ಕೆಲವು ಸಂಗ್ರಹಗಳ ಲೇಬಲ್ಲೇ ತಪ್ಪು ಅಂತ 2011ರಲ್ಲಿ ಪೇಪರ್ ಬಂದಿತ್ತು. ನಾನೇ ಒಂದು ಸಾರಿ ಒಂದು ಲೈನ್ ಅಂತ ಎರಡು ವರ್ಷ ಬೆಳೆಸಿ ಜೀನೋಟೈಪ್ ಮಾಡಿಸಿದಾಗ ಅದು ಪಕ್ಕದ ಲಕೋಟೆಯದ್ದು ಅಂತ ಗೊತ್ತಾಯ್ತು, ಲಕೋಟೆ ಬದಲಾಯ್ಸಿದ್ದು ನಾನೇ, ಬೇರೆ ಯಾರನ್ನ ಬೈಯೋದು.

ಹಾಗಾಗಿ ಜೀನ್‌ಬ್ಯಾಂಕಿಂದ ಬಂದಿದ್ದಕ್ಕೆ ತಳಿ ಹೆಸ್ರಷ್ಟೇ ಸಾಲ್ದು, ಯಾವ ಸಂಸ್ಥೆ, ಅಲ್ಲಿನ ಅಕ್ಸೆಶನ್ ನಂಬರ್ (ಆ ಬೀಜದ ಮಾದರಿಗೆ ಅವ್ರು ಕೊಟ್ಟ ನಂಬರ್) ಏನು, ಯಾವ ವರ್ಷ ಬಂದ ಬೀಜ, ನೀವು ಎಷ್ಟು ತಲೆಮಾರು ಬೆಳೆಸಿದ್ರಿ. ಈಗೀಗ ಬೀಜದ ಮಾದರಿಗೂ ಡಿಒಐ ಕೊಡ್ತಾರೆ, ಅಂತರರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಒಪ್ಪಂದದವ್ರ ಗ್ಲಿಸ್ ಅನ್ನೋ ವ್ಯವಸ್ಥೆ ಮೂಲಕ, ನಿಮ್ಮ ಅಕ್ಸೆಶನ್‌ಗೆ ಇದ್ರೆ ಅದನ್ನೇ ಹಾಕಿ. ಲ್ಯಾಬಲ್ಲಿ ಇದ್ದಿದ್ದಕ್ಕೆ "ಲ್ಯಾಬ್ ಸಂಗ್ರಹ, ಮೂಲ ತಿಳಿದಿಲ್ಲ" ಅಂತ ಇದ್ದ ಹಾಗೆ ಬರೀರಿ, ಊಹೆ ಮಾಡಿ ತುಂಬ್ಬೇಡಿ. ಸಸ್ಯದ ಹೆಸರಿನ ಜೊತೆ ಎನ್‌ಸಿಬಿಐ ಅನ್ನೋ ಅಮೆರಿಕದ ಡೇಟಾಬೇಸಿನವ್ರು ಪ್ರತಿ ಜೀವಿಗೆ ಕೊಡೋ ಟ್ಯಾಕ್ಸಾನ್ ನಂಬರ್ ಹಾಕಿದ್ರೆ ಇನ್ನೂ ಒಳ್ಳೇದು, ಒರೈಜಾ ಸಟೈವಾಗೆ 4530. ವೈಜ್ಞಾನಿಕ ಹೆಸರೂ ಬದಲಾಗುತ್ತೆ ಸ್ವಾಮಿ, ಟೊಮೆಟೊ ಹಳೇ ಪೇಪರ್‌ಗಳಲ್ಲಿ ಲೈಕೋಪರ್ಸಿಕಾನ್, ಈಗ ಸೊಲೇನಮ್.

ಜೀನ್ ಹೆಸ್ರು ಬರೀತಿದ್ರೆ ಇನ್ನೊಂದು. ಭತ್ತದ ಜೀನೋಮ್ 2005ರಲ್ಲಿ ಪೂರ್ತಿ ಆಗಿದ್ದು ನಿಪ್ಪೊನ್‌ಬಾರೆ ಅನ್ನೋ ಜಪಾನಿನ ತಳಿಯದ್ದು, ಒಂದೇ ತಳಿಗೆ ಜಪಾನಿನ ರ‍್ಯಾಪ್ ಡೇಟಾಬೇಸಿನವ್ರದ್ದು ಒಂದು ಜೀನ್ ಐಡಿ, ಅಮೆರಿಕದ ಎಂಎಸ್‌ಯು ವಿಶ್ವವಿದ್ಯಾಲಯದವ್ರದ್ದು ಇನ್ನೊಂದು. ನೋಡೋಕೆ ಒಂದೇ ಥರ ಇರುತ್ತೆ ನಂಬರ್ ಮಾತ್ರ ಬೇರೆ, ಕಣ್ಣಳತೆಯಲ್ಲಿ ಹೊಂದಿಸೋಕೆ ಹೋದ್ರೆ ಬೇರೆ ಜೀನಿಗೆ ಹೋಗಿ ಕೂರ್ತೀರಿ, ಎರಡನ್ನ ಜೋಡಿಸೋ ಪಟ್ಟಿ ಸಿಗುತ್ತೆ ಅದನ್ನ ಬಳಸಿ. ಸ್ಥಾನ ಹೇಳ್ವಾಗ ಯಾವ ಅಸೆಂಬ್ಲಿ (ತುಂಡು ಜೋಡಿಸಿ ಮಾಡಿದ ಜೀನೋಮ್) ಯಾವ ಆವೃತ್ತಿ ಅಂತ ಹೇಳ್ದೇ "ಕ್ರೋಮೋಸೋಮ್ 1, ಇಂತಿಷ್ಟನೇ ಬೇಸ್" ಅಂದ್ರೆ ಬೀದಿ ಹೆಸ್ರು ಬಿಟ್ಟು ಬರೀ ಮನೆ ನಂಬರ್ ಕೊಟ್ಟ ಹಾಗೆ. ಮೆಕ್ಕೆಜೋಳದವ್ರ ಕಷ್ಟ ಕೇಳ್ಲೇಬಾರ್ದು, ಅವ್ರಲ್ಲಿ ಆವೃತ್ತಿ ಬದಲಾದಾಗ ಜೀನ್ ಐಡಿಯ ಶುರುವಿನ ಅಕ್ಷರಗಳೇ ಬದಲಾದ್ವು.

---

ಸಿಎಸ್‌ವಿ_ಭಕ್ತ:

ಕಳವು ಭಯದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅಂತ ನಾನೇ ಹೇಳ್ತೀನಿ. ಫೇರ್ ಅಂದ್ರೆ ಎಲ್ಲಾ ಬಾಗಿಲು ತೆಗೆದಿಡು ಅಂತಲ್ಲ, ಇದನ್ನ ತುಂಬಾ ಜನ ತಪ್ಪು ತಿಳ್ಕೊಂಡಿದಾರೆ. ವಿವರ ಎಲ್ರಿಗೂ ಕಾಣೋ ಹಾಗೆ ಇಟ್ಟು ಫೈಲ್‌ಗಳನ್ನ ಇಂತಾ ದಿನದವರೆಗೆ ಮುಚ್ಚಿಡೋ ಎಂಬಾರ್ಗೋ ಸೌಲಭ್ಯ ಜೆನೋಡೋದಲ್ಲಿದೆ. ಆದ್ರೆ ಜರ್ನಲ್‌ನವ್ರು ಒಪ್ತಾರಾ ಅಂತ ಮೊದಲೇ ಕೇಳಿ, ಈ ಪೇಪರಿಗೆ ಬಳಸಿದ ಡೇಟಾ ಪೇಪರ್ ಜೊತೆಗೇ ಬರ್ಲಿ ಅಂತ ಕೇಳೋರೇ ಜಾಸ್ತಿ. ನೀವು ಮುಂದಿನ ಪೇಪರಿಗೆ ಇಟ್ಕೊಂಡಿರೋ ಬೇರೆ ಗುಣಗಳ ಕಾಲಂಗಳನ್ನ ಈಗ ಹಾಕ್ಬೇಕು ಅಂತ ಏನಿಲ್ಲ, ಆಮೇಲೆ ಹೊಸ ಆವೃತ್ತಿ ಹಾಕ್ಬೋದು, ಪ್ರತಿ ಆವೃತ್ತಿಗೂ ಒಂದು ಡಿಒಐ, ಎಲ್ಲಾ ಆವೃತ್ತಿಗೂ ಸೇರಿ ಒಂದು ಡಿಒಐ ಇರುತ್ತೆ.

ಡಿಒಐ ಇದ್ರೆ ತಾರೀಖಿನ ಸಮೇತ ಇದು ನಿಮ್ದು ಅಂತ ಸಾಕ್ಷಿ ಇದೆ. ಲೈಸೆನ್ಸ್‌ನಲ್ಲಿ ಸಿಸಿ ಬೈ ಹಾಕಿದ್ರೆ ಬಳಸಿದೋರು ನಿಮ್ಮ ಹೆಸ್ರು ಹೇಳ್ಬೇಕು. ಸಿಸಿ0 ಅಂದ್ರೆ ಕಾನೂನಿನ ಪ್ರಕಾರ ಹೇಳ್ಬೇಕಾಗಿಲ್ಲ, ಆದ್ರೂ ವಿದ್ವತ್ತಿನ ಮರ್ಯಾದೆಗೆ ಹೇಳ್ತಾರೆ, ಡ್ರೈಯಾಡ್‌ನಲ್ಲಿ ಸಿಸಿ0 ಒಂದೇ. ವಾಣಿಜ್ಯಕ್ಕೆ ಬೇಡ ಅನ್ನೋ ಷರತ್ತು ಹಾಕೋ ಆಸೆ ಎಲ್ರಿಗೂ ಬರುತ್ತೆ, ನಂಗೂ ಬಂದಿತ್ತು, ಆದ್ರೆ ಆಮೇಲೆ ನಾಲ್ಕು ಡೇಟಾಸೆಟ್ ಸೇರಿಸಿ ಕೆಲಸ ಮಾಡೋರಿಗೆ ಅದೊಂದು ಗಂಟು, ಯಾವ್ದು ವಾಣಿಜ್ಯ ಯಾವ್ದು ಅಲ್ಲ ಅಂತ ಯಾರು ತೀರ್ಮಾನ ಮಾಡೋದು.

---

ಜೀನ್‌ಬ್ಯಾಂಕ್_ಗಿರಾಕಿ:

ಇದಕ್ಕೊಂದು ಸೇರ್ಸ್ತೀನಿ. ಜೀನ್‌ಬ್ಯಾಂಕಿಂದ ಬೀಜ ತರಿಸ್ವಾಗ ಎಸ್‌ಎಂಟಿಎ ಅನ್ನೋ ಕರಾರು ಒಪ್ಕೊಂಡಿರ್ತೀರಿ, ಲಕೋಟೆ ಒಡೆದ್ರೇ ಒಪ್ಪಿದ ಹಾಗೆ ಅನ್ನೋ ಥರದ್ದೂ ಇದೆ. ಆ ಬೀಜದ ಮೇಲೆ ಮಾಡಿದ ಸಂಶೋಧನೆಯಲ್ಲಿ ಗೋಪ್ಯ ಅಲ್ದೇ ಇರೋ ಮಾಹಿತಿನ ಹಂಚ್ಕೋಬೇಕು ಅಂತ ಅದರಲ್ಲೇ ಬರ್ದಿದೆ. ಅಂದ್ರೆ ಶೇರ್ ಮಾಡೋದು ಉಪಕಾರ ಅಲ್ಲ, ಸಹಿ ಹಾಕಿದ ಮಾತು. ನಂಗೂ ಬಹಳ ದಿನ ಗೊತ್ತಿರ್ಲಿಲ್ಲ, ಸಣ್ಣಕ್ಷರ ಯಾರು ಓದ್ತಾರೆ.

---

ಸುಮ್ನೆ_ಓದೋನು:

ಎಸ್‌ಎಂಟಿಎ ವಿಷ್ಯ ನಂಗೆ ಹೊಸದು, ಒಪ್ಪಿದೆ. ಆದ್ರೂ ನಿಮ್ಮೆಲ್ರಿಗೂ ಒಂದು ಪ್ರಶ್ನೆ, ಹಾಕಿದ ಡೇಟಾ ಉಳಿಯುತ್ತೆ ಅಂತ ಏನು ಗ್ಯಾರಂಟಿ? ಅರಾಬಿಡಾಪ್ಸಿಸ್‌ನವ್ರ ಟೇರ್ ನೋಡಿ, ಅಷ್ಟು ಜನ ದಿನಾ ಬಳಸೋ ಡೇಟಾಬೇಸು, ಸರ್ಕಾರಿ ಅನುದಾನ ನಿಲ್ತು ಚಂದಾ ಶುರುವಾಯ್ತು. ಅದಕ್ಕೇ ಹಾಗಾದ್ರೆ ಚಿಕ್ಕ ಚಿಕ್ಕ ಬೆಳೆಗಳ ಡೇಟಾಬೇಸ್ ಗತಿ ಏನು, ಪ್ರಾಜೆಕ್ಟ್ ಮುಗಿದ ಮಾರನೇ ವರ್ಷ ಲಿಂಕ್ ಒತ್ತಿದ್ರೆ ಖಾಲಿ ಪುಟ. ಸ್ಟ್ಯಾಂಡರ್ಡ್ ಮಾಡೋಕೆ ದುಡ್ಡು ಸಿಗುತ್ತೆ, ಇಟ್ಕೊಂಡಿರೋಕೆ ಸಿಗಲ್ಲ.

---

ತೆನೆಕಾಳು:

ಅದು ನಿಜ, ಅದಕ್ಕೇ ನಾನು ಲ್ಯಾಬಿನ ಸ್ವಂತ ವೆಬ್‌ಸೈಟಲ್ಲಿ ಡೇಟಾ ಇಡೋದನ್ನ ಒಪ್ಪೋದೇ ಇಲ್ಲ. ಸೀಕ್ವೆನ್ಸ್ ಇದ್ರೆ ಎನ್‌ಸಿಬಿಐ, ಯುರೋಪಿನ ಇಎನ್‌ಎ, ಜಪಾನಿನ ಡಿಡಿಬಿಜೆ ಮೂರರಲ್ಲಿ ಒಂದಕ್ಕೆ ಹಾಕಿದ್ರೆ ಮೂರೂ ಕಡೆ ಸಿಗುತ್ತೆ. ಫಿನೋಟೈಪ್‌ಗೆ ಅಂಥ ಒಂದೇ ಮನೆ ಇನ್ನೂ ಇಲ್ಲ, ಅದಕ್ಕೇ ಈ ಒದ್ದಾಟ. ಸರಳ ಸಿಎಸ್‌ವಿ ಆದ್ರೆ ಡೇಟಾಬೇಸ್ ಸತ್ರೂ ಫೈಲ್ ಬದುಕಿರುತ್ತೆ.

ಮುಂದಿನ ಸೀಸನ್ ಮಾಡೋರು ಯಾರಾದ್ರೂ ಇದನ್ನ ಓದ್ತಿದ್ರೆ, ಫೀಲ್ಡ್ ಬುಕ್ ಅಂತ ಆಂಡ್ರಾಯ್ಡ್ ಆ್ಯಪ್ ಇದೆ, ಉಚಿತ. ಗುಣಗಳ ಪಟ್ಟಿ ಗದ್ದೆಗೆ ಇಳಿಯೋ ಮುಂಚೆನೇ ಅದ್ರಲ್ಲಿ ಹಾಕ್ಬೇಕು, ಎತ್ತರ 10ರಿಂದ 250ರೊಳಗೆ ಮಾತ್ರ ಅಂತ ಮಿತಿ ಇಡ್ಬೋದು, ಪ್ಲಾಟಿನ ಬಾರ್‌ಕೋಡ್ ಹೊಡೆದು ಅಂಕಿ ಒತ್ತಿದ್ರೆ ಆಯ್ತು. ಕಾಗದದಿಂದ ಕಂಪ್ಯೂಟರಿಗೆ ಇಳಿಸ್ವಾಗ ಆಗೋ ತಪ್ಪು ಅಲ್ಲಿಗೇ ನಿಲ್ಲುತ್ತೆ. ಬ್ರಾಪಿ ಅನ್ನೋ ಸೇತುವೆ ಮೂಲಕ ಬ್ರೀಡಿಂಗ್ ಡೇಟಾಬೇಸ್‌ಗೆ ನೇರ ಕಳಿಸೋಕೂ ಬರುತ್ತೆ, ಆದ್ರೆ ಅದು ನಿಮ್ಮ ಸಂಸ್ಥೆಯಲ್ಲಿ ಸರ್ವರ್ ಇದ್ರೆ ಮಾತ್ರ, ಇಲ್ದಿದ್ರೆ ತಲೆ ಕೆಡಿಸ್ಕೋಬೇಡಿ.

---

ಮೊಳಕೆ_22:

ಸೀನಿಯರ್‌ಗೆ ಫೋನ್ ಮಾಡ್ದೆ. ಮೊದಲು "ಎತ್ತರ ಅಂದ್ರೆ ಎತ್ತರ, ಅದ್ರಲ್ಲೇನು" ಅಂದ್ರು. ಎಲ್ಲಿವರೆಗೆ ಸ್ಕೇಲ್ ಹಿಡೀತಿದ್ರಿ ಅಂತ ಕೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ "ಫ್ಲ್ಯಾಗ್ ಲೀಫ್ (ತೆನೆ ಕೆಳಗಿನ ಕೊನೇ ಎಲೆ) ಬುಡದವರೆಗೆ, ಕೆಲವು ಲೈನ್ ಇನ್ನೂ ತೆನೆ ಪೂರ್ತಿ ಬಿಟ್ಟಿರ್ಲಿಲ್ಲ, ಎಲ್ಲಕ್ಕೂ ಒಂದೇ ಥರ ಇರ್ಲಿ ಅಂತ" ಅಂದ್ರು. ಅವ್ರ ಲೆಕ್ಕ ಅವ್ರಿಗೆ ಸರೀನೇ ಇತ್ತು, ಬರ್ದಿಡ್ಲಿಲ್ಲ ಅಷ್ಟೇ. ನಾವು ಎರಡೂ ಸೀಸನ್ ತೆನೆ ತುದಿವರೆಗೆ ಅಳ್ದಿದ್ದು, ನಾವೂ ಅದನ್ನ ಎಲ್ಲೂ ಬರ್ದಿರ್ಲಿಲ್ಲ.

ಸೀಸನ್ ಪರಿಣಾಮದ ಎರಡು ಪ್ಯಾರಾ ಅಳಿಸ್ದೆ. ಗೈಡ್‌ಗೆ ಹೇಳಿದಾಗ ಅವ್ರು ಏನೂ ಅನ್ಲಿಲ್ಲ, ಉಳಿದ ಕಾಲಂಗಳನ್ನೂ ಹೀಗೇ ಒಂದ್ಸಲ ನೋಡು ಅಂದ್ರು.

ಈಗ ಪ್ರಶ್ನೆ, ಮೊದಲ್ನೇ ಸೀಸನ್‌ಗೆ ತೆನೆ ಉದ್ದ ಬೇರೆ ಅಳ್ದಿದಾರೆ, ಅದನ್ನ ಕೂಡಿಸಿ ಪೂರ್ತಿ ಎತ್ತರ ಮಾಡ್ಬೋದಾ ಅಕ್ಕ?

---

ತೆನೆಕಾಳು:

ಬೇಡ. ತೆನೆಯ ಕುತ್ತಿಗೆವರೆಗೆ ಅಳ್ದಿದ್ರೆ ಅದು ಕಾಂಡದ ಉದ್ದ, ಅದಕ್ಕೆ ತೆನೆ ಉದ್ದ ಕೂಡಿಸಿದ್ರೆ ಹೆಚ್ಚುಕಮ್ಮಿ ಸರಿ ಹೋಗ್ತಿತ್ತು. ಆದ್ರೆ ಫ್ಲ್ಯಾಗ್ ಲೀಫ್ ಬುಡಕ್ಕೂ ತೆನೆ ಕುತ್ತಿಗೆಗೂ ಮಧ್ಯ ಜಾಗ ಇರುತ್ತೆ, ಕೆಲವು ಲೈನಲ್ಲಿ ತೆನೆ ಮೇಲೆ ಬಂದಿರುತ್ತೆ ಕೆಲವಲ್ಲಿ ಅರ್ಧ ಎಲೆಕವಚದೊಳಗೇ ಸಿಕ್ಕಿರುತ್ತೆ, ಅದು ಲೈನಿಂದ ಲೈನಿಗೆ ಬೇರೆ. ಕೂಡಿಸಿದ್ರೆ ಹೊಸ ತಪ್ಪು, ಅದೂ ಕಣ್ಣಿಗೆ ಕಾಣ್ದೇ ಇರೋ ತಪ್ಪು.

ಎರಡು ಕಾಲಂ ಮಾಡಿ. "ಎತ್ತರ, ನೆಲದಿಂದ ತೆನೆ ತುದಿ, ಸೆಂ.ಮೀ." ಎರಡನೇ ಮೂರನೇ ಸೀಸನ್‌ಗೆ. "ಎತ್ತರ, ನೆಲದಿಂದ ಫ್ಲ್ಯಾಗ್ ಲೀಫ್ ಬುಡ, ಸೆಂ.ಮೀ." ಮೊದಲ್ನೇದಕ್ಕೆ, ಉಳಿದ ಕಡೆ ಎನ್‌ಎ (ಅಂಕಿ ಇಲ್ಲ ಅಂತ). ತೆನೆ ತುದಿಯ ಕಾಲಮ್ಮಿಗೆ ಕ್ರಾಪ್ ಆಂಟಾಲಜಿ ಐಡಿ ಹಾಕಿ, ಫ್ಲ್ಯಾಗ್ ಲೀಫ್ ಕಾಲಮ್ಮಿಗೆ ಹುಡುಕಿ, ಸಿಗ್ದಿದ್ರೆ ನಿಮ್ಮ ಮಾತಲ್ಲೇ ಪೂರ್ತಿ ಬರೀರಿ, ಐಡಿ ಜಾಗ ಖಾಲಿ ಬಿಡಿ. ಹತ್ರ ಇರೋದು ಅಂತ ಬೇರೆ ಐಡಿ ಅಂಟಿಸ್ಬೇಡಿ. ಅಳೆದ ದಿನ ಬೆಳೆ ಯಾವ ಹಂತದಲ್ಲಿತ್ತು ಅಂತಾನೂ ಸೀನಿಯರ್ ಹತ್ರ ಕೇಳಿ.

---

ಮೊಳಕೆ_22:

ಸರಿ ಅಕ್ಕ, ಹಾಗೇ ಮಾಡ್ತೀನಿ. ಅವ್ರ ನೋಟ್‌ಬುಕ್ ಇನ್ನೂ ಅವ್ರ ಹತ್ರನೇ ಇದ್ಯಂತೆ, ಆ ಪುಟಗಳ ಫೋಟೋ ಭಾನುವಾರ ಕಳಿಸ್ತೀನಿ ಅಂದಿದಾರೆ. ಡೇಟಾಸೆಟ್‌ನಲ್ಲಿ ಅವ್ರ ಹೆಸ್ರೂ ಸೇರಿಸ್ತೀನಿ ಅಂದಾಗ ಮಾತ್ರ ದನಿ ಸ್ವಲ್ಪ ಬದಲಾಯ್ತು, ಆರ್ಕಿಡ್ ಐಡಿ (ಸಂಶೋಧಕರ ಗುರುತಿನ ನಂಬರ್) ಹುಡುಕಿ ಮೆಸೇಜ್ ಮಾಡ್ತಾರಂತೆ.